ಕಾನರ್ ವಾಲ್ಟನ್: ಫ್ಲಾರೆನ್ಸಿನ ಅಭ್ಯಾಸ, ವಿಕ್ಲೋದ ಕುಂಚ

ಸಭಿಕರೇ,

ಇಂದು ನಾನು ಮಾತಾಡುವುದು ಐರ್ಲೆಂಡಿನ ಚಿತ್ರಕಾರ ಕಾನರ್ ವಾಲ್ಟನ್ ಬಗ್ಗೆ. ಆ ದೇಶದ ಅಕಾಡೆಮಿಕ್ ಚಿತ್ರಕಲೆಯ, ಅಂದರೆ ಪ್ರತಿಮೆಗಳನ್ನೂ ರೂಪದರ್ಶಿಗಳನ್ನೂ ನೋಡಿ ಬರೆದು ಕೈ ಪಳಗಿಸುವ ಹಳೆಯ ಸಂಪ್ರದಾಯದ, ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಚಿತ್ರಗಳಲ್ಲ, ಕಾರ್ಕ್ ನಗರದ ಕ್ರಾಫರ್ಡ್ ಗ್ಯಾಲರಿಯಲ್ಲಿ ನಿಂತಿರುವ ಬಿಳಿಯ ಪ್ಲಾಸ್ಟರ್ ಪ್ರತಿಮೆಗಳು. ವ್ಯಾಟಿಕನ್ನಿನ ಪ್ರಾಚೀನ ಶಿಲ್ಪಗಳಿಂದ ಇಟಲಿಯ ಶಿಲ್ಪಿ ಕನೋವಾನ ಮೇಲ್ವಿಚಾರಣೆಯಲ್ಲಿ ಅಚ್ಚು ತೆಗೆದ ಇವುಗಳನ್ನು ಪೋಪ್ ಏಳನೆಯ ಪಯಸ್, ಮುಂದೆ ನಾಲ್ಕನೆಯ ಜಾರ್ಜ್ ಎನಿಸಿಕೊಂಡ ಬ್ರಿಟಿಷ್ ರಾಜಕುಮಾರನಿಗೆ ಉಡುಗೊರೆಯಾಗಿ ಕಳುಹಿಸಿದ್ದನು; ಅವು 1818ರಲ್ಲಿ ಕಾರ್ಕ್ ಸೇರಿದವು. ಕಾರ್ಕ್‌ನ ಚಿತ್ರಕಾರ ಡೇನಿಯಲ್ ಮ್ಯಾಕ್ಲೀಸ್ ಕೈ ಪಳಗಿಸಿಕೊಂಡದ್ದು ಇವುಗಳ ಮುಂದೆಯೇ. 1823ರಲ್ಲಿ ಡಬ್ಲಿನ್ನಿನಲ್ಲಿ ರಾಯಲ್ ಹೈಬರ್ನಿಯನ್ ಅಕಾಡೆಮಿ ಹುಟ್ಟಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ಈಸ್ಟರ್ ದಂಗೆಯಲ್ಲಿ ಆ್ಯಬಿ ಬೀದಿಯ ಅದರ ಕಟ್ಟಡ, ಆ ವರ್ಷದ ಪ್ರದರ್ಶನಕ್ಕೆ ತೂಗುಹಾಕಿದ್ದ ಚಿತ್ರಗಳ ಸಮೇತ, ಸುಟ್ಟುಹೋಯಿತು. ಸಂಸ್ಥೆ ಉಳಿಯಿತು, ಆದರೆ ಶತಮಾನದ ಕೊನೆಯ ಹೊತ್ತಿಗೆ ಕಲಾಶಾಲೆಗಳಲ್ಲಿ ಆ ಹಳೆಯ ಶಿಸ್ತಿನ ಹಿಡಿತ ಬಹುಮಟ್ಟಿಗೆ ಸಡಿಲವಾಗಿತ್ತು.

1970ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಕಾನರ್ ವಾಲ್ಟನ್ ಅಲ್ಲಿಯ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ ಆ್ಯಂಡ್ ಡಿಸೈನ್‌ನಲ್ಲಿ ಕಲೆಯನ್ನೂ ಕಲಾ ಇತಿಹಾಸವನ್ನೂ ಒಟ್ಟಿಗೆ ಓದಿದರು. ಆಮೇಲೆ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ತಮಗೆ ಬೇಕಾದ ಕುಶಲತೆಯನ್ನು ಅವರು ಅರಸಿಕೊಂಡು ಹೋದದ್ದು ಮಾತ್ರ ಫ್ಲಾರೆನ್ಸಿಗೆ, ಚಾರ್ಲ್ಸ್ ಸೆಸಿಲ್ ಎಂಬ ಅಮೆರಿಕನ್ ಗುರುವಿನ ಸ್ಟುಡಿಯೋಗೆ. ಸೆಸಿಲ್‌ಗೆ ಕಲಿಸಿದವರು ಅಮೆರಿಕದ ಚಿತ್ರಕಾರ ಗ್ಯಾಮೆಲ್, ಗ್ಯಾಮೆಲ್‌ಗೆ ಅಲ್ಲಿಯವರೇ ಆದ ಪ್ಯಾಕ್ಸ್‌ಟನ್, ಪ್ಯಾಕ್ಸ್‌ಟನ್‌ಗೆ ಪ್ಯಾರಿಸ್ಸಿನ ಚಿತ್ರಕಾರ ಜೆರೋಮ್. ನಮ್ಮ ಸಂಗೀತಗಾರರು ಹೇಳಿಕೊಳ್ಳುವಂಥ ಗುರುಪರಂಪರೆಯೇ ಇದು, ಅಟ್ಲಾಂಟಿಕ್ ದಾಟಿ ಮತ್ತೆ ಯೂರೋಪಿಗೆ ಮರಳಿದ್ದು.

ಅಲ್ಲಿ ಕಲಿಸುವ ವಿಧಾನಕ್ಕೆ ಸೈಟ್-ಸೈಜ್ ಎನ್ನುತ್ತಾರೆ. ಚಿತ್ರವನ್ನು ಹೊರುವ ಈಸಲನ್ನು ರೂಪದರ್ಶಿಯ ಪಕ್ಕದಲ್ಲೇ ನಿಲ್ಲಿಸಿ, ಚಿತ್ರಕಾರನು ಕೆಲವು ಹೆಜ್ಜೆ ಹಿಂದೆ ಸರಿದು ನಿಂತಾಗ ವ್ಯಕ್ತಿಯೂ ಚಿತ್ರವೂ ಕಣ್ಣಿಗೆ ಒಂದೇ ಅಳತೆಯಲ್ಲಿ ಕಾಣುವಂತೆ ಬರೆಯಬೇಕು. ಹಿಂದೆ ನಿಂತು ನೋಡಬೇಕು, ನೋಡಿದ್ದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಮುಂದೆ ನಡೆದು ಒಂದು ಗೆರೆ ಎಳೆಯಬೇಕು, ಮತ್ತೆ ಹಿಂದೆ ಬರಬೇಕು. ತೂಗುಗುಂಡಿನ ದಾರ, ಕೈಗನ್ನಡಿ, ಉತ್ತರದ ಕಿಟಕಿಯ ಸ್ಥಿರವಾದ ಬೆಳಕು, ಇಷ್ಟೇ ಸಲಕರಣೆ. ಫೋಟೊ ನೋಡಿ ನಕಲು ಮಾಡುವುದಕ್ಕೂ ಇದಕ್ಕೂ ಅಜಗಜಾಂತರವಿದೆ, ಏಕೆಂದರೆ ಇಲ್ಲಿ ಉಸಿರಾಡುವ, ಅಲುಗುವ, ದಣಿಯುವ ದೇಹವನ್ನು ದಿನಗಟ್ಟಲೆ ನೋಡಿದ್ದರ ಸಾರ ಒಂದೇ ಚಿತ್ರದಲ್ಲಿ ಇಳಿಯುತ್ತದೆ.

ಈ ವಿಧಾನ ಕಲಿತವರಲ್ಲಿ ಅನೇಕರು ಸುಂದರವಾದ ಆದರೆ ನಿರುಪದ್ರವಿಯಾದ ಚಿತ್ರಗಳಲ್ಲೇ ನಿಂತುಬಿಡುತ್ತಾರೆ ಎಂಬುದು ನನ್ನ ಆಕ್ಷೇಪ. ಸದ್ಯ ಐರ್ಲೆಂಡಿನ ವಿಕ್ಲೋದಲ್ಲಿ ನೆಲೆಸಿ ಕೆಲಸ ಮಾಡುವ ವಾಲ್ಟನ್ ಹಾಗೆ ನಿಲ್ಲಲಿಲ್ಲ. ಹಣ್ಣು, ತಲೆಬುರುಡೆ, ನಗ್ನದೇಹಗಳಂಥ ಹಳೆಯ ವಸ್ತುಗಳ ನಡುವೆ ಅವರು ಪ್ಲಾಸ್ಟಿಕ್ ಆಟಿಕೆಗಳನ್ನೂ ವಾನರಗಳನ್ನೂ ತಂದು ಕೂರಿಸುತ್ತಾರೆ. ನಾವು ಎಲ್ಲಿಂದ ಬಂದವರು, ಎತ್ತ ಹೊರಟವರು ಎಂಬ ಪ್ರಶ್ನೆ, ಪ್ರಗತಿಯ ಬಗೆಗಿನ ಒಂದು ಕಹಿ ಗುಮಾನಿಯೊಡನೆ, ಅಲ್ಲಿ ಮೂಡುತ್ತದೆ. ದೊಡ್ಡ ರೂಪಕಚಿತ್ರಗಳಲ್ಲಿ ಈ ವಾದ ಒಮ್ಮೊಮ್ಮೆ ತುಸು ಜೋರಾಗಿಯೇ ಕೇಳಿಸುತ್ತದೆ. ಸಣ್ಣ ವಸ್ತುಚಿತ್ರಗಳೇ ನನಗೆ ಹೆಚ್ಚು ಹಿಡಿಸಿವೆ.

ಅವರ ಒಂದು ಚಿತ್ರದಲ್ಲಿ ಕೋತಿಯೇ ಕುಂಚ ಹಿಡಿದು ಕುಳಿತಿದೆ. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಚಿತ್ರಕಾರ ಶಾರ್ಡಾನ್ ಬರೆದ ಚಿತ್ರಕಾರ ಕೋತಿ ಇಂದಿಗೂ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಕಲೆಯೆಂದರೆ ಪ್ರಕೃತಿಯ ಕೋತಿ, ಅಂದರೆ ಅದರ ನಕಲುಗಾರ, ಎಂಬ ಹಳೆಯ ಲ್ಯಾಟಿನ್ ಮಾತು ಅದಕ್ಕೂ ಹಿಂದಿನದು. ಆ ಗೇಲಿ ಅನುಕರಣೆಯನ್ನೇ ನೆಚ್ಚಿದ ಚಿತ್ರಕಾರರನ್ನು ಕುರಿತದ್ದು. ಡಾರ್ವಿನ್ ಬಂದುಹೋದ ಮೇಲೆ ಅದೇ ಕೋತಿಯನ್ನು, ಅದೇ ನುರಿತ ಕೈಯಿಂದ, ಒಂದೊಂದು ಕೂದಲಿನ ಮೇಲೂ ಬೆಳಕು ಕೂರುವಂತೆ ಬರೆದಾಗ, ಅದು ನಮ್ಮೆಲ್ಲರ ಕುಟುಂಬದ ಭಾವಚಿತ್ರವೂ ಆಗಿಬಿಡುತ್ತದೆ.