ತಾರಸಿಯ ಮೇಲೆ ನಾನು, ನಿಲ್ದಾಣದಲ್ಲಿ ಅಕ್ಕ

ಎಲ್ಲರಿಗೂ ನಮಸ್ಕಾರ.

ನಾನು ವಿಮಾನದ ಹುಚ್ಚು ಹಿಡಿದವನು. ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂತು ಅಂದರೆ ಕೂತಲ್ಲಿ ಕೂರಲಾಗುವುದಿಲ್ಲ. ಸದ್ದು ಕೇಳಿದ ಕೂಡಲೇ ತಾರಸಿಗೆ ಓಡುತ್ತೇನೆ. ವಾಯುಪಡೆಯ ಸೂರ್ಯಕಿರಣ ತಂಡದ ಒಂಬತ್ತು ಹಾಕ್ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುತ್ತವೇನೋ ಅನ್ನುವಷ್ಟು ಹತ್ತಿರ ಬಂದು ಒಟ್ಟಿಗೆ ಹೊರಳುವಾಗ ಮೈ ಜುಮ್ಮೆನ್ನುತ್ತದೆ. ಆ ತಂಡದ ನೆಲೆ ನಮ್ಮ ಬೀದರ್. 2025ರಲ್ಲಂತೂ ರಷ್ಯಾದ ಸು-57, ಅಮೆರಿಕದ ಎಫ್-35 ಫೈಟರ್ ವಿಮಾನಗಳು ಎರಡೂ ಯಲಹಂಕಕ್ಕೆ ಬಂದಿದ್ದವು. ಅಂಥದ್ದು ಮತ್ತೆಲ್ಲಿ ಸಿಗುತ್ತದೆ?

ಇಂಥದ್ದೇ ಒಂದು ಫೆಬ್ರವರಿಯಲ್ಲಿ ನನ್ನ ಅಕ್ಕ ನಾಮಕರಣಕ್ಕೆ ಪುಣೆಗೆ ಹೋಗಬೇಕಿತ್ತು. ಪ್ರದರ್ಶನದಿಂದಾಗಿ ಬೆಳಗಿನ ವಿಮಾನ ಮಧ್ಯಾಹ್ನಕ್ಕೆ ಹೋಗಿದೆ ಅಂತ ಗೊತ್ತಾದದ್ದು ಹಿಂದಿನ ರಾತ್ರಿ. ಅವಳು ತಲುಪುವ ಹೊತ್ತಿಗೆ ತೊಟ್ಟಿಲ ಶಾಸ್ತ್ರ ಮುಗಿದಿತ್ತು. ನಾನು ತಾರಸಿಯಲ್ಲಿ ಚಪ್ಪಾಳೆ ತಟ್ಟುವಾಗ ಅವಳು ನಿಲ್ದಾಣದಲ್ಲಿ ಕಾಯುತ್ತಾ ಕೂತಿದ್ದಳು. ಆಮೇಲೆ ನಾನು ಪ್ರದರ್ಶನ ನೋಡುವ ರೀತಿಯೇ ಬದಲಾಯಿತು.

1996ರಲ್ಲಿ ಏರೋ ಇಂಡಿಯಾ ಶುರುವಾದಾಗ ಪ್ರಯಾಣಿಕರ ವಿಮಾನಗಳು ಹಾರುತ್ತಿದ್ದದ್ದು ಎಚ್‌ಎಎಲ್ ನಿಲ್ದಾಣದಿಂದ. ಮೊದಲ ಆರು ಪ್ರದರ್ಶನಗಳು ಹಾಗೇ ನಡೆದವು. 2008ರ ಮೇನಲ್ಲಿ ನಿಲ್ದಾಣ ದೇವನಹಳ್ಳಿಯ ಕಡೆ ಬಂತು. ಈಗ ಯಲಹಂಕದ ವಾಯುನೆಲೆಗೂ ಅದಕ್ಕೂ ನೇರ ದಾರಿಯಲ್ಲಿ ಸುಮಾರು 13 ಕಿಲೋಮೀಟರ್. ಗಂಟೆಗೆ 800 ಕಿಲೋಮೀಟರ್ ವೇಗದ ಫೈಟರ್‌ಗೆ ಅದು ಒಂದೇ ನಿಮಿಷದ ದೂರ! ಫೈಟರ್ ನೆಟ್ಟಗೆ ಮೇಲಕ್ಕೆ ಏರುತ್ತದೆ, ತಿರುಗಲು ತುಂಬಾ ಜಾಗ ಬೇಡುತ್ತದೆ. ಅದೇ ಹೊತ್ತಿಗೆ ಪಕ್ಕದಲ್ಲಿ ನೂರೆಂಬತ್ತು ಜನರನ್ನು ಹೊತ್ತ ವಿಮಾನ ಇಳಿಯಬಾರದು. ಹಾಗಾಗಿ ಪ್ರದರ್ಶನದ ವೇಳೆ ದಿನಕ್ಕೆ ಕೆಲವು ಗಂಟೆ ಪ್ರಯಾಣಿಕರ ವಿಮಾನಗಳಿಗೆ ಆಕಾಶ ಮುಚ್ಚುತ್ತಾರೆ. ಅದು ಸರಿಯೇ. 2019ರ ಫೆಬ್ರವರಿ 19ರಂದು ತಾಲೀಮಿನಲ್ಲಿ ಸೂರ್ಯಕಿರಣದ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಈ ಎಚ್ಚರ ಸುಮ್ನೆ ಬಂದದ್ದಲ್ಲ.

ನನ್ನ ತಕರಾರು ಇರುವುದು ತಿಳಿಸುವ ರೀತಿಯ ಬಗ್ಗೆ. ಒಂದು ವಿಮಾನ ದಿನಕ್ಕೆ ನಾಲ್ಕೈದು ಊರು ಸುತ್ತುತ್ತದೆ. ಬೆಳಿಗ್ಗೆ ಇಲ್ಲಿ ತಡವಾದರೆ ರಾತ್ರಿ ಇನ್ನೆಲ್ಲೋ ಕಾಯುವವರಿಗೂ ತಡ. ಅವರು ಯಲಹಂಕದ ಹೆಸರೇ ಕೇಳಿರುವುದಿಲ್ಲ. ತಾಲೀಮಿನ ದಿನಗಳಲ್ಲೂ ಆಕಾಶ ಮುಚ್ಚುತ್ತದೆ ಅನ್ನುವುದು ಬೆಂಗಳೂರಿನವರಿಗೇ ಗೊತ್ತಿರುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ ನೋಡಿ. ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸುತ್ತಾರೆ. 2025ರಲ್ಲಿ ವಾಯುನೆಲೆಯಿಂದ 13 ಕಿಲೋಮೀಟರ್ ದೂರದವರೆಗೆ ಆ ಆದೇಶ ಇತ್ತು. ಇಂತಿಂಥ ತಾರೀಖಿನಿಂದ ಇಂತಿಂಥ ತಾರೀಖಿನವರೆಗೆ ಅಂತ ಅಂಗಡಿಯವರಿಗೆ ಮೊದಲೇ ಹೇಳಿದ್ದರು. ಟಿಕೆಟ್ ಕೊಳ್ಳುವವರಿಗೂ ಅಷ್ಟೇ ಸ್ಪಷ್ಟವಾಗಿ ಹೇಳಬಹುದಲ್ಲ? ಪ್ರದರ್ಶನದ ದಿನಗಳು ತಿಂಗಳುಗಳ ಮೊದಲೇ ಗೊತ್ತಿರುತ್ತವೆ. ದುಡ್ಡು ಕಟ್ಟುವ ಮುಂಚೆ ಪರದೆಯ ಮೇಲೆ ಒಂದು ಸಾಲು ಬಂದರೆ ಸಾಕು: ಈ ವಾರ ಬೆಂಗಳೂರಿನಲ್ಲಿ ಸಮಯ ಬದಲಾಗಬಹುದು.

ಆ ಸಾಲು ಬರುವವರೆಗೆ ನಾನೇ ಹೇಳುತ್ತಾ ಇರುತ್ತೇನೆ. 2001ರಿಂದ ಈಚೆಗೆ ಏರೋ ಇಂಡಿಯಾ ನಡೆದಿರುವುದು ಬೆಸ ಸಂಖ್ಯೆಯ ವರ್ಷಗಳ ಫೆಬ್ರವರಿಯಲ್ಲಿ. ಆ ತಿಂಗಳು ನಿಮ್ಮ ಮನೆಯಿಂದ ಯಾರಾದರೂ ಮದುವೆಗೋ, ಪರೀಕ್ಷೆಗೋ, ಆಸ್ಪತ್ರೆಗೋ ವಿಮಾನದಲ್ಲಿ ಹೊರಟರೆ ಒಂದು ದಿನ ಮೊದಲೇ ಕಳಿಸಿ.