ರೀಮಿಕ್ಸ್ ಸ್ಪರ್ಧೆ ನಡೆಸೋದು: ಸ್ಟೆಮ್ ಹಂಚೋದ್ರಿಂದ ರಿಸಲ್ಟ್‌ವರೆಗೆ

ಸ್ಕ್ರೀನ್ ಮೇಲಿರೋ ಫೋಲ್ಡರ್ ನೋಡಿ. ಒಂದೇ ಹಾಡಿನ ಎಂಟು ಸ್ಟೆಮ್, ಅಂದ್ರೆ ಧ್ವನಿ, ಬೇಸ್, ತಮಟೆ ಹೀಗೆ ಬೇರೆ ಬೇರೆ ಮಾಡಿದ ಆಡಿಯೋ ಫೈಲ್. ‘ಆಡಿಯೋ 07’, ‘ವೋಕಲ್ ಫೈನಲ್ 2’, ‘ಹೊಸದು’. ಒಂದು ಮೂರು ನಿಮಿಷ, ಇನ್ನೊಂದು ಮೂರೂಕಾಲು. ತಮಟೆ ಎಲ್ಲಿ ಕೂರಬೇಕು ಅಂತ ಯಾರಿಗೂ ಗೊತ್ತಾಗಲ್ಲ. ಅನುಭವ ಇರೋರು ಹೇಗೋ ಜೋಡಿಸ್ಕೋತಾರೆ, ಹೊಸಬರು ಒದ್ದಾಡಿ ಕೈಬಿಡ್ತಾರೆ. ಅಂದ್ರೆ ಒಂದು ನೋಟ್ ಕೇಳೋ ಮೊದಲೇ ಸ್ಪರ್ಧೆ ಒಂದು ಕಡೆಗೆ ವಾಲಿಬಿಟ್ಟಿರುತ್ತೆ.

ಹಾಗಾಗಿ ಎಲ್ಲ ಸ್ಟೆಮ್ಮೂ ಹಾಡಿನ ಮೊದಲ ಬಾರ್‌ನಿಂದಲೇ (ಬಾರ್ ಅಂದ್ರೆ ತಾಳದ ಒಂದು ಸುತ್ತು) ಶುರುವಾಗಲಿ, ಉದ್ದ ಒಂದೇ ಇರಲಿ. ವಾದ್ಯ ನಡುವೆ ಬರೋದಾದ್ರೆ ಅದರ ಮುಂದಿನ ಜಾಗ ಖಾಲಿ ಬಿಡಿ. 24 ಬಿಟ್, 48 ಕಿಲೋಹರ್ಟ್ಜ್ ವೇವ್ ಫೈಲ್ ಸಾಕು. ಎಂಪಿ3 ಬೇಡ, ಅದು ಫೈಲಿನ ತಲೆಗೆ ಒಂಚೂರು ಮೌನ ಸೇರಿಸುತ್ತೆ, ಬೀಟ್ ಜಾರುತ್ತೆ. ಮಾಸ್ಟರ್ ಬಸ್ (ಎಲ್ಲ ಟ್ರ್ಯಾಕ್ ಕೂಡಿ ಹೊರಬರೋ ಚಾನೆಲ್) ಮೇಲಿರೋ ಲಿಮಿಟರ್ (ಜೋರಾದ ಸದ್ದನ್ನ ಒಂದು ಮಿತಿಯಲ್ಲಿ ಒತ್ತಿ ಹಿಡಿಯೋ ಸಾಧನ) ಆಫ್ ಮಾಡಿ ಎಕ್ಸ್‌ಪೋರ್ಟ್ ಮಾಡಿ. ನಾಲ್ಕು ನಿಮಿಷದ ಒಂದು ಸ್ಟೀರಿಯೋ ಸ್ಟೆಮ್ ಸುಮಾರು 69 ಎಂಬಿ ಆಗುತ್ತೆ, ಎಂಟಕ್ಕೆ 550 ಎಂಬಿ. ಮೊಬೈಲ್ ಡೇಟಾದಲ್ಲಿ ಇಳಿಸ್ಕೊಳ್ಳೋರಿಗೆ ಇದು ಭಾರ. ಹಾಡುಗಾರರ ಧ್ವನಿ, ಬೇಸ್ ಎರಡನ್ನೂ ಮೊನೊ ಮಾಡಿದ್ರೆ ಅವುಗಳ ತೂಕ ಅರ್ಧಕ್ಕೆ ಇಳಿಯುತ್ತೆ.

ಧ್ವನಿಯನ್ನ ಮಾತ್ರ ಎರಡು ಫೈಲಾಗಿ ಕೊಡಿ: ಎಫೆಕ್ಟ್ ಇಲ್ಲದ್ದೊಂದು, ಇರೋದೊಂದು. ಎಕೋ ಮೂಲ ಹಾಡಿನ ವೇಗಕ್ಕೆ ಕಟ್ಟಿರೋದು. 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ಹಾಡನ್ನ ಯಾರಾದ್ರೂ 124ಕ್ಕೆ ಏರಿಸಿದ್ರೆ ಆ ಎಕೋ ತಾಳಕ್ಕೆ ಅಡ್ಡ ಬರುತ್ತೆ.

ಜನಪದ ತಂಡದ ರೆಕಾರ್ಡಿಂಗ್ ಆದ್ರೆ ಇನ್ನೊಂದು ತೊಂದರೆ ಇದೆ. ಡೊಳ್ಳು ಬಾರಿಸೋರು ಕ್ಲಿಕ್ (ವೇಗ ತೋರಿಸೋ ಟಕ್ ಟಕ್ ಸದ್ದು) ಕೇಳ್ಕೊಂಡು ಬಾರಿಸಲ್ಲ. 96ರಲ್ಲಿ ಶುರುವಾಗಿ ಹುರುಪು ಬಂದ ಹಾಗೆ 104 ಮುಟ್ಟಿರುತ್ತೆ. ದಯವಿಟ್ಟು ಅದನ್ನ ಸಾಫ್ಟ್‌ವೇರಿನ ಸಮ ಅಂತರದ ಬೀಟ್ ಗೆರೆಗಳ ಗ್ರಿಡ್‌ಗೆ ಎಳೆದು ಕೂರಿಸಬೇಡಿ, ಆ ಹುರುಪೇ ಹೋಗುತ್ತೆ. ಬದಲಿಗೆ ಟೆಂಪೋ ಮ್ಯಾಪ್ (ಎಲ್ಲಿ ವೇಗ ಎಷ್ಟು ಅನ್ನೋ ಪಟ್ಟಿ) ಮಾಡಿ, ಮಿಡಿ ಫೈಲಾಗಿ (ಸದ್ದಿಲ್ಲದೆ ತಾಳ, ಸ್ವರದ ಮಾಹಿತಿ ಮಾತ್ರ ಇರೋ ಫೈಲ್) ಜೊತೆಗೆ ಕೊಡಿ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ರೆಕಾರ್ಡ್ ಮಾಡಿದ್ರೆ ಹಾರ್ಮೋನಿಯಂ ಸದ್ದು ಹಾಡುಗಾರರ ಮೈಕಿಗೂ ನುಗ್ಗಿರುತ್ತೆ. ಆಮೇಲೆ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಬದಲಾಯಿಸೋರಿಗೆ ಹಿಂದಿಂದ ಹಳೇ ಸ್ವರ ಕೇಳಿಸ್ತಾನೇ ಇರುತ್ತೆ. ಇದನ್ನ ಮೊದಲೇ ಹೇಳಿಬಿಡಿ. ಶ್ರುತಿಯನ್ನೂ ಬರೀರಿ.

ಹಕ್ಕಿನ ವಿಷಯ. ದಾಸರ ಪದ ಶತಮಾನಗಳಷ್ಟು ಹಳೇದು, ಸಾಹಿತ್ಯಕ್ಕೆ ಕಾಪಿರೈಟ್ ಇಲ್ಲ, ಸರಿ. ಆದ್ರೆ ಅದರ ರೆಕಾರ್ಡಿಂಗ್‌ಗೆ ಇದೆ. ನಮ್ಮ ಕಾಯ್ದೆಯಲ್ಲಿ 60 ವರ್ಷ. ರಾಗ ಹಾಕಿದೋರ ಹಕ್ಕು ಬೇರೆ. ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮೇಲೆ ಎಲ್ಲರಿಗೂ ಬಳಸೋಕೆ ಬಿಟ್ಟ) ಹಾಡು ಆರಿಸ್ಕೊಂಡ್ರೆ ಲೈಸೆನ್ಸ್‌ನಲ್ಲಿ ‘ಎನ್‌ಡಿ’ (ನೋ ಡೆರಿವೇಟಿವ್ಸ್, ಅಂದ್ರೆ ಬದಲಾಯಿಸಿದ್ದನ್ನ ಹಂಚಬಾರದು) ಅಂತ ಇದ್ಯಾ ನೋಡಿ. ಇದ್ರೆ ರೀಮಿಕ್ಸ್ ಮಾಡಿ ಹಂಚೋ ಹಾಗಿಲ್ಲ.

ನಿಯಮ ಅಳೆಯೋ ಹಾಗಿರಲಿ. ‘ಮೂಲದ ಆತ್ಮ ಉಳಿಯಬೇಕು’ ಅಂತ ಬರೆದ್ರೆ ರಿಸಲ್ಟ್ ದಿನ ಜಗಳ ಗ್ಯಾರಂಟಿ. ‘ಕನಿಷ್ಠ ಎರಡು ಸ್ಟೆಮ್, 16 ಬಾರ್ ಧ್ವನಿ, ಉದ್ದ ಎರಡರಿಂದ ನಾಲ್ಕೂವರೆ ನಿಮಿಷ’ ಅಂತ ಬರೆದ್ರೆ ವಾದಕ್ಕೆ ಜಾಗ ಇರಲ್ಲ.

ಈಗ ಬಹಳ ಜನ ಮರೆಯೋ ವಿಷಯ: ವಾಲ್ಯೂಮ್. ಒಂದೇ ಹಾಡನ್ನ ಎರಡು ಸಲ ಹಾಕಿ, ಎರಡನೇ ಸಲ ಒಂದು ಡೆಸಿಬೆಲ್ ಜಾಸ್ತಿ ಮಾಡಿ ನೋಡಿ. ಕೇಳಿದೋರು ಎರಡನೇದೇ ಚೆನ್ನಾಗಿದೆ ಅಂತಾರೆ, ಯಾಕೆ ಅಂತ ಹೇಳೋಕೆ ಬರಲ್ಲ. ಮೀಟರ್ ನೋಡಿ: ಈ ಎಂಟ್ರಿ ಮೈನಸ್ 8 ಎಲ್‌ಯುಎಫ್‌ಎಸ್ (ಹಾಡು ಒಟ್ಟಾರೆ ಎಷ್ಟು ಜೋರು ಅನ್ನೋ ಅಳತೆ, ಸೊನ್ನೆಗೆ ಹತ್ತಿರ ಆದಷ್ಟೂ ಜೋರು), ಪಕ್ಕದ್ದು ಮೈನಸ್ 16. ಹಾಗೇ ಕೇಳಿಸಿದ್ರೆ ಗೆಲ್ಲೋದು ಲಿಮಿಟರ್. ಎಲ್ಲವನ್ನೂ ಮೈನಸ್ 16ಕ್ಕೆ ಇಳಿಸಿ. ಮೆಲ್ಲಗಿರೋದನ್ನ ಏರಿಸೋಕೆ ಹೋದ್ರೆ ಪೀಕ್ (ಅತಿ ಜೋರಾದ ಕಡೆ) ಸದ್ದು ಒಡೆಯುತ್ತೆ, ಇಳಿಸೋದ್ರಲ್ಲಿ ಆ ಭಯ ಇಲ್ಲ. ಉಚಿತವಾಗಿ ಸಿಗೋ ಲೌಡ್‌ನೆಸ್ ಮೀಟರ್ ಸಾಕು.

ಆಮೇಲೆ ಹೆಸರು ಮುಚ್ಚಿ. ಫೈಲ್ ಹೆಸರು ‘ರೀಮಿಕ್ಸ್ 01’ ಅಂತ ಬದಲಾಯಿಸಿದ್ರೆ ಸಾಲದು, ಒಳಗಿನ ಟ್ಯಾಗ್‌ನಲ್ಲೂ ಹೆಸರಿರುತ್ತೆ, ಅದನ್ನೂ ಅಳಿಸಿ. ಲೈಕ್ ಲೆಕ್ಕದ ಮೇಲೆ ಗೆಲುವು ಬೇಡವೇ ಬೇಡ. ಅದು ವಾಟ್ಸಾಪ್ ಗ್ರೂಪ್ ಎಷ್ಟು ದೊಡ್ಡದು ಅನ್ನೋದರ ಸ್ಪರ್ಧೆ.

ಬದಲಿಗೆ ಸ್ಪರ್ಧಿಗಳೇ ಒಬ್ಬರ ಹಾಡಿಗೊಬ್ಬರು ವೋಟ್ ಹಾಕಲಿ. ತಲಾ ನಾಲ್ಕು ನಿಮಿಷದ 24 ಎಂಟ್ರಿ ಅಂದ್ರೆ ಒಂದೂವರೆ ಗಂಟೆ ದಾಟುತ್ತೆ. ಅಷ್ಟನ್ನೂ ಯಾರೂ ಕೇಳಲ್ಲ, ಮೊದಲ ಐದಕ್ಕೇ ವೋಟ್ ಬೀಳುತ್ತೆ. ಎಂಟೆಂಟರ ಗುಂಪು ಮಾಡಿ, ಅರ್ಧ ಗಂಟೇಲಿ ಮುಗಿಯುತ್ತೆ. ಪ್ರತಿ ಸ್ಪರ್ಧಿಗೂ ತನ್ನದಿಲ್ಲದ ಗುಂಪು ಕೊಡಿ, ಕ್ರಮ ಒಬ್ಬೊಬ್ಬರಿಗೆ ಒಂದೊಂದು ಥರ ಕಲಸಿ. ವೋಟ್ ಹಾಕದೋರ ಎಂಟ್ರಿ ಫೈನಲ್‌ಗೆ ಬರಲ್ಲ. ಮತ್ತೆ, ಪ್ರತಿ ಹಾಡಿಗೂ ಎರಡು ಸಾಲು ಅಭಿಪ್ರಾಯ ಬರೆಯೋದು ಕಡ್ಡಾಯ ಮಾಡಿ. ಸೋತೋರು ಮುಂದಿನ ಸಲ ಬರೋದು ಬಹುಮಾನಕ್ಕಲ್ಲ, ಈ ಎರಡು ಸಾಲಿಗೆ.

ಫೈನಲ್‌ಗೆ ಮೂವರು ತೀರ್ಪುಗಾರರಿದ್ರೆ ಅಂಕ ಕೂಡಿಸಬೇಡಿ. ಇಬ್ಬರು ಮೊದಲ ಹಾಡಿಗೆ 8, ಎರಡನೇದಕ್ಕೆ 7 ಕೊಟ್ರು ಅಂದ್ಕೊಳ್ಳಿ. ಮೂರನೆಯವರು 3 ಮತ್ತು 9 ಕೊಟ್ರೆ ಮೊತ್ತ 19ಕ್ಕೆ 23. ಇಬ್ಬರು ಒಪ್ಪಿದ ಹಾಡು ಒಬ್ಬರಿಂದ ಸೋತಿತು. ಅಂಕದ ಬದಲು ಸ್ಥಾನ ಕೇಳಿ.

ಕೊನೇ ದಿನಾಂಕ ಬರೆಯುವಾಗ ‘ಭಾರತೀಯ ಸಮಯ’ ಅಂತ ಸೇರಿಸಿ. ಇಲ್ಲಿ ರಾತ್ರಿ 11:59 ಆದಾಗ, ಬೇಸಿಗೆಯಲ್ಲಿ ನ್ಯೂಜೆರ್ಸಿಯ ಕನ್ನಡಿಗರಿಗೆ ಮಧ್ಯಾಹ್ನ 2:29.

ರಿಸಲ್ಟ್ ಆದ್ಮೇಲೂ ಒಂದು ಕೆಲಸ ಇದೆ. ಗೆದ್ದ ಖುಷಿಗೆ ಯಾರಾದ್ರೂ ತಮ್ಮ ರೀಮಿಕ್ಸ್‌ನ ಯೂಟ್ಯೂಬ್ ಕಂಟೆಂಟ್ ಐಡಿಗೆ (ವಿಡಿಯೋಗಳಲ್ಲಿರೋ ಹಾಡನ್ನ ತಾನೇ ಗುರುತಿಸಿ ಹಕ್ಕು ಸಾಧಿಸೋ ವ್ಯವಸ್ಥೆ) ಸೇರಿಸಿದ್ರೆ, ಅದೇ ಧ್ವನಿ ಬಳಸಿದ ಉಳಿದೋರ ವಿಡಿಯೋಗಳಿಗೆಲ್ಲ ಕ್ಲೇಮ್ ಬೀಳಬಹುದು, ಮೂಲ ಹಾಡುಗಾರರಿಗೂ ಸೇರಿ. ಸ್ಟೆಮ್ ಇಳಿಸ್ಕೊಳ್ಳೋ ಪುಟದಲ್ಲೇ, ನಿಯಮದ ಮೊದಲ ಸಾಲಲ್ಲೇ ಬರೀರಿ: ಹಾಡು ಬಿಡುಗಡೆ ಮಾಡೋ ಫಾರ್ಮ್‌ನಲ್ಲಿ ಕಂಟೆಂಟ್ ಐಡಿ ಟಿಕ್ ಹಾಕಬಾರದು.