ಹಂಬಕರ್ ಬದಲಿಸುವ ಮೊದಲು

ಕೇಳುಗರಿಗೆ ನಮಸ್ಕಾರ.

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಗೆ ಒಂದಲ್ಲ ಒಂದು ದಿನ ತಮ್ಮ ವಾದ್ಯದ ಪಿಕಪ್‌ಗಳ ಮೇಲೆ, ಅಂದರೆ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳ ಮೇಲೆ, ಅನುಮಾನ ಹುಟ್ಟುತ್ತದೆ. ನಾದ ಮಂಕಾಗಿದೆ, ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒಡೆಯುವ ಪರಿಣಾಮ) ಹಾಕಿದರೆ ಕಲಸಿಹೋಗುತ್ತದೆ, ಹೊಸ ಹಂಬಕರ್, ಅಂದರೆ ಎರಡು ಸುರುಳಿಗಳ ಪಿಕಪ್, ಹಾಕಿಸಿದರೆ ಸರಿಹೋದೀತು ಎನಿಸುತ್ತದೆ. ಹೀಗೆನಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆಯ್ಕೆಗೆ ಕುಳಿತವರ ಕಣ್ಣು ಮೊದಲು ಹೋಗುವುದು ಒಂದು ಸಂಖ್ಯೆಯ ಕಡೆಗೆ, ಸುರುಳಿಯ ವಿದ್ಯುತ್ ರೋಧದ ಕಡೆಗೆ. ಇದು 8 ಕಿಲೋ ಓಮ್, ಅದು 16 ಕಿಲೋ ಓಮ್, ಆದ್ದರಿಂದ ಅದು ಎರಡು ಪಟ್ಟು ಬಲಶಾಲಿ ಎಂದು ಲೆಕ್ಕ ಹಾಕಿಬಿಡುತ್ತಾರೆ. ನಾನು ಇಂದು ತಕರಾರು ತೆಗೆಯುತ್ತಿರುವುದು ಮುಖ್ಯವಾಗಿ ಈ ಲೆಕ್ಕದ ಮೇಲೆಯೇ.

ಮೊದಲು ಹಂಬಕರ್ ಮಾಡುವ ಕೆಲಸವೇನು ಎಂದು ನೋಡೋಣ. ಒಂದೇ ಸುರುಳಿಯ ಪಿಕಪ್ ತಂತಿಗಳ ಕಂಪನದ ಜೊತೆಗೆ ಸುತ್ತಲಿನ ವಿದ್ಯುತ್ ಸಾಧನಗಳ ಗುಂಯ್‌ಗುಡುವ ಸದ್ದನ್ನೂ ಹಿಡಿಯುತ್ತದೆ. ಗಿಬ್ಸನ್ ಸಂಸ್ಥೆಯಲ್ಲಿದ್ದ ಸೇಥ್ ಲವರ್ ಇದಕ್ಕೆ ಕಂಡುಕೊಂಡ ಉಪಾಯ ಎರಡು ಸುರುಳಿಗಳದ್ದು. ಅವುಗಳ ಅಡಿಯಲ್ಲಿ ಒಂದು ಅಯಸ್ಕಾಂತದ ಪಟ್ಟಿ ಇರುತ್ತದೆ. ಅದರ ಉತ್ತರ ಧ್ರುವ ಒಂದು ಸುರುಳಿಯ ಕಡೆಗೆ, ದಕ್ಷಿಣ ಧ್ರುವ ಇನ್ನೊಂದರ ಕಡೆಗೆ. ಸುರುಳಿಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಜೋಡಿಸಿದಾಗ ಹೊರಗಿನ ಸದ್ದು ಒಂದನ್ನೊಂದು ಅಳಿಸಿಕೊಳ್ಳುತ್ತದೆ. ತಂತಿಯ ಕಂಪನಕ್ಕೆ ಮಾತ್ರ ಧ್ರುವಗಳ ವ್ಯತ್ಯಾಸವೂ ತಾಗುವುದರಿಂದ ಅದು ಕೂಡಿಕೊಳ್ಳುತ್ತದೆ. ಪೇಟೆಂಟಿಗೆ ಅರ್ಜಿ ಹೋದದ್ದು 1955ರಲ್ಲಿ, ಅದು ಮಂಜೂರಾದದ್ದು 1959ರಲ್ಲಿ. ನಡುವಿನ ವರ್ಷಗಳಲ್ಲಿ ಗಿಟಾರುಗಳಿಗೆ ಬಂದ ಹಂಬಕರ್‌ಗಳ ಬೆನ್ನಿಗೆ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಚೀಟಿ ಅಂಟಿರುತ್ತಿತ್ತು. ಇಂದಿಗೂ ಪಿಎಎಫ್ ಎಂದರೆ ಗಿಟಾರಿಗರು ಕಿವಿ ನೆಟ್ಟಗೆ ಮಾಡುತ್ತಾರೆ.

ತಮಾಷೆಯೆಂದರೆ ಆ ಹಳೆಯ ಪಿಕಪ್‌ಗಳು ಒಂದರಂತೆ ಇನ್ನೊಂದು ಇರಲಿಲ್ಲ. ಸುತ್ತುಗಳ ಎಣಿಕೆ ಹೆಚ್ಚುಕಡಿಮೆಯಾಗುತ್ತಿತ್ತು, ಅಯಸ್ಕಾಂತವೂ ಎಲ್ಲದರಲ್ಲೂ ಒಂದೇ ದರ್ಜೆಯದಾಗಿರಲಿಲ್ಲ. ಹಾಗಾಗಿ ‘ಅಪ್ಪಟ ಪಿಎಎಫ್ ನಾದ’ ಎಂದು ಯಾರಾದರೂ ಮಾರಲು ಬಂದರೆ, ಯಾವ ಪಿಎಎಫ್‌ನದು ಎಂದು ಕೇಳುವ ಹಕ್ಕು ನಮಗಿದೆ.

ಈಗ ಓಮ್‌ಗಳ ವಿಚಾರಕ್ಕೆ ಬರೋಣ. ಮಲ್ಟಿಮೀಟರ್ ತೋರಿಸುವುದು ಸುರುಳಿಯ ತಾಮ್ರದ ತಂತಿಯ ರೋಧವನ್ನು. ತಂತಿ ಉದ್ದವಾದರೂ ರೋಧ ಏರುತ್ತದೆ, ತೆಳುವಾದರೂ ಏರುತ್ತದೆ. ಹಳೆಯ ಬಗೆಯ ಹಂಬಕರ್‌ಗಳಲ್ಲಿ 42 ಗೇಜ್ ತಂತಿ ಇರುತ್ತದೆ, ರೋಧ ಸಾಮಾನ್ಯವಾಗಿ 7ರಿಂದ 9 ಕಿಲೋ ಓಮ್. ಅಷ್ಟೇ ಸುತ್ತುಗಳನ್ನು ಇನ್ನೂ ತೆಳುವಾದ 43 ಅಥವಾ 44 ಗೇಜ್ ತಂತಿಯಲ್ಲಿ ಸುತ್ತಿದರೆ ಮೀಟರಿನ ಸಂಖ್ಯೆ ಜಿಗಿಯುತ್ತದೆ, ಹೊರಬರುವ ಸಂಕೇತ ಆ ಪ್ರಮಾಣದಲ್ಲಿ ಜಿಗಿಯುವುದಿಲ್ಲ. ಒಂದೇ ಬಗೆಯ ತಂತಿ, ಒಂದೇ ಬಗೆಯ ಅಯಸ್ಕಾಂತ ಇರುವ ಎರಡು ಪಿಕಪ್‌ಗಳನ್ನು ಹೋಲಿಸುವಾಗ ಈ ಅಂಕಿಗೆ ಬೆಲೆಯಿದೆ. ಉಳಿದಂತೆ ಅದು ಚಪ್ಪಲಿಯ ಅಳತೆ ನೋಡಿ ಓಟಗಾರನ ವೇಗ ಹೇಳಿದಂತೆ.

ಹೆಚ್ಚು ಉಪಯುಕ್ತವಾದ ಅಂಕಿ ಇಂಡಕ್ಟನ್ಸ್, ಅಂದರೆ ವಿದ್ಯುತ್ ಪ್ರವಾಹದ ಬದಲಾವಣೆಯನ್ನು ಸುರುಳಿ ತಡೆಯುವ ಗುಣ, ಹೆನ್ರಿಗಳಲ್ಲಿ ಹೇಳುವಂಥದ್ದು. ಹಳೆಯ ಬಗೆಯವು ಸುಮಾರು 4ರಿಂದ 5 ಹೆನ್ರಿ ಇದ್ದರೆ, ಹೆಚ್ಚು ಸುತ್ತಿದವು 8ರ ಆಸುಪಾಸಿಗೆ ಹೋಗುತ್ತವೆ. ಸುತ್ತು ಹೆಚ್ಚಿದಂತೆ ಇಂಡಕ್ಟನ್ಸ್ ಹೆಚ್ಚುತ್ತದೆ, ಪಿಕಪ್‌ನ ಅನುರಣನ ಶಿಖರ, ಅಂದರೆ ಅದು ಅತಿ ಹೆಚ್ಚು ಸ್ಪಂದಿಸುವ ಆವರ್ತನ, ಕೆಳಗಿಳಿಯುತ್ತದೆ. ಪರಿಣಾಮವಾಗಿ ಮೇಲಿನ ಸ್ವರಗಳ ಹೊಳಪು ಕುಗ್ಗಿ, ನಡುವಿನ ಭಾಗ ದಪ್ಪವಾಗುತ್ತದೆ. ಬಲ ಹೆಚ್ಚಿಸಿಕೊಂಡಾಗ ತೆರಬೇಕಾದ ಬೆಲೆ ಇದು. ಮಂಕು ನಾದದಿಂದ ಬೇಸತ್ತವರು ಅತಿ ಬಲದ ಪಿಕಪ್ ಹಾಕಿಸಿ ಇನ್ನಷ್ಟು ಮಂಕಾಗಿಸಿಕೊಳ್ಳುವುದು ಅಪರೂಪವಲ್ಲ.

ಅಯಸ್ಕಾಂತದ ಬಗ್ಗೆ ದಂತಕಥೆಗಳು ಬೇಕಾದಷ್ಟಿವೆ. ಅಲ್ನಿಕೊ ಎಂಬ ಮಿಶ್ರಲೋಹದ ದರ್ಜೆಗಳಲ್ಲಿ ಅಲ್ನಿಕೊ 2 ಮೃದು, ಅಲ್ನಿಕೊ 5 ಬಿಗಿ, ಸೆರಾಮಿಕ್ ಅಯಸ್ಕಾಂತ ಒರಟು ಎಂಬುದು ಸಾಮಾನ್ಯ ಮಾತು. ಮೊದಲ ಎರಡರಲ್ಲಿ ಹುರುಳಿದೆ, ಮೂರನೆಯದರ ಬಗ್ಗೆ ನನಗೆ ಸಂಶಯ. 1970ರ ದಶಕದ ಆರಂಭದಲ್ಲಿ ಡಿಮಾರ್ಜಿಯೊ ಸಂಸ್ಥೆ ಹೊರತಂದ ‘ಸೂಪರ್ ಡಿಸ್ಟಾರ್ಷನ್’ ಎಂಬ ಪಿಕಪ್ ಸೆರಾಮಿಕ್ ಅಯಸ್ಕಾಂತದ್ದು. ವಾಲ್ವ್ (ನಿರ್ವಾತ ನಳಿಕೆ) ಬಳಸುವ ಆಂಪ್ಲಿಫೈಯರ್‌ಗಳನ್ನು ಬೇಗ ಡಿಸ್ಟಾರ್ಷನ್‌ಗೆ ತಳ್ಳುವುದೇ ಅದರ ಗುರಿಯಾಗಿತ್ತು. ಅಂದಿನಿಂದ ಸೆರಾಮಿಕ್ ಜೊತೆಗೆ ಭಾರಿ ಸುತ್ತುಗಳು ಬರುವುದೇ ಹೆಚ್ಚು. ಒರಟುತನದಲ್ಲಿ ಸುರುಳಿಯ ಪಾಲೆಷ್ಟು, ಅಯಸ್ಕಾಂತದ ಪಾಲೆಷ್ಟು ಎಂದು ಕಿವಿ ಬೇರ್ಪಡಿಸಲಾರದು. ಹಂಬಕರ್‌ನ ಅಡಿಯ ಸ್ಕ್ರೂಗಳನ್ನು ಸಡಿಲಿಸಿ ಅಯಸ್ಕಾಂತವನ್ನು ಮಾತ್ರ ಬದಲಿಸಿ ನೋಡಬಹುದು. ಆದರೆ ಧ್ರುವಗಳ ದಿಕ್ಕು ಮೊದಲಿದ್ದಂತೆಯೇ ಇರಲಿ. ತಿರುಗಿಬಿಟ್ಟರೆ ಎರಡೂ ಪಿಕಪ್‌ಗಳನ್ನು ಒಟ್ಟಿಗೆ ನುಡಿಸಿದಾಗ ನಾದ ಸೊರಗಿ ಮೂಗಿನಲ್ಲಿ ಹಾಡಿದಂತಾಗುತ್ತದೆ.

ಸ್ಥಾನವೂ ಮುಖ್ಯ. ಗಿಟಾರಿನ ಒಡಲ ಮೇಲೆ ತಂತಿಗಳು ಆತುಕೊಳ್ಳುವ ಬ್ರಿಡ್ಜ್ ಬಳಿ ತಂತಿ ಅಲ್ಲಾಡುವುದು ಕಡಿಮೆ, ಬೆರಳುಗಳು ಓಡಾಡುವ ನೆಕ್ ಬಳಿ ಹೆಚ್ಚು. ಆದ್ದರಿಂದ ಜೋಡಿಯಾಗಿ ಕೊಳ್ಳುವಾಗ ಬ್ರಿಡ್ಜ್‌ನದು ಸ್ವಲ್ಪ ಬಲವಾಗಿರಬೇಕು. ಆದರೆ ಎರಡನ್ನೂ ಒಮ್ಮೆಲೇ ಬದಲಿಸಬೇಡಿ ಎನ್ನುವುದು ನನ್ನ ಸಲಹೆ. ಬ್ರಿಡ್ಜ್‌ನದನ್ನು ಬದಲಿಸಿ ಕೆಲವು ವಾರ ನುಡಿಸಿ. ನೆಕ್‌ನದು ಹಳೆಯದೇ ಸಾಕೆನಿಸಬಹುದು.

ಅಳತೆಗಳಲ್ಲಿ ಧ್ರುವಗಳ, ಅಂದರೆ ಒಂದೊಂದು ತಂತಿಯ ಕೆಳಗಿರುವ ಲೋಹದ ತುಂಡುಗಳ, ಅಂತರವನ್ನು ಮರೆಯಬಾರದು. ಗಿಬ್ಸನ್ ಮಾದರಿಯಲ್ಲಿ ಮೊದಲ ಧ್ರುವದಿಂದ ಆರನೆಯದಕ್ಕೆ ಸುಮಾರು 49ರಿಂದ 50 ಮಿಲಿಮೀಟರ್. ಅಗಲ ಬ್ರಿಡ್ಜ್‌ನ ಗಿಟಾರುಗಳಿಗೆ 53ರ ಸುಮಾರು ಇರುವವು ಸಿಗುತ್ತವೆ. ಇನ್ನು ಮೇಣ. ಆಂಪ್ಲಿಫೈಯರ್‌ನ ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಜೋರಾಗಿಟ್ಟು ನುಡಿಸುವವರು ಮೇಣದಲ್ಲಿ ಅದ್ದಿದ ಸುರುಳಿಗಳನ್ನೇ ಆರಿಸಿಕೊಳ್ಳಲಿ. ಮೇಣವಿಲ್ಲದವು ಚೆನ್ನಾಗಿ ಉಸಿರಾಡುತ್ತವೆ ಎಂದು ಮೆಚ್ಚುವವರಿದ್ದಾರೆ, ಅವು ಆಂಪ್ ಎದುರು ಕಿರುಚುವುದೂ ನಿಜ.

ಕೊಳ್ಳುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಒಂದು, ವಾಲ್ಯೂಮ್ ಪಾಟ್, ಅಂದರೆ ಸದ್ದಿನ ಗುಂಡಿಯ ಕೆಳಗಿರುವ ಬದಲಾಯಿಸಬಲ್ಲ ರೋಧಕ, ಎಷ್ಟರದ್ದು ಎಂದು ನೋಡಿ. ಹಂಬಕರ್‌ಗೆ 500 ಕಿಲೋ ಓಮ್ ರೂಢಿ. 250ರದ್ದು ಇದ್ದರೆ ಮಂಕುತನಕ್ಕೆ ಅದೇ ಕಾರಣವಿರಬಹುದು. ಎರಡು, ಪಿಕಪ್‌ನ ಎತ್ತರ. ಕೊನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದು, ತಂತಿಗೂ ಪಿಕಪ್‌ಗೂ ನಡುವೆ 2 ಮಿಲಿಮೀಟರ್ ಬಿಟ್ಟು ಶುರುಮಾಡಿ, ಎತ್ತರದ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಪಿಕಪ್ ಮೇಲೆ ಕೆಳಗೆ ಮಾಡುತ್ತಾ ಕೇಳಿ. ಹೊಸದು ಬೇಕೆಂದುಕೊಂಡಿದ್ದವರಲ್ಲಿ ಕೆಲವರಿಗೆ ಇಲ್ಲಿಯೇ ಉತ್ತರ ಸಿಕ್ಕಿಬಿಡುತ್ತದೆ.

ಅದಾದ ಮೇಲೂ ಬೇಕೆನಿಸಿದರೆ ನಾಲ್ಕು ತಂತಿ ಹೊರಬರುವ ಹಂಬಕರ್ ಕೊಳ್ಳಿ. ಸರಣಿಯಾಗಿಯೂ, ಸಮಾನಾಂತರವಾಗಿಯೂ, ಒಂದೇ ಸುರುಳಿಯಾಗಿಯೂ ಬಳಸುವ ಅವಕಾಶ ಉಳಿಯುತ್ತದೆ. ಬೆಸುಗೆ ಹಾಕುವಾಗ ಬಣ್ಣಗಳನ್ನು ನಂಬಿ ಕೂರಬೇಡಿ, ತಯಾರಕರು ತಮ್ಮ ತಮ್ಮ ಕ್ರಮ ಇಟ್ಟುಕೊಂಡಿದ್ದಾರೆ. ಸೀಮೋರ್ ಡಂಕನ್‌ನಲ್ಲಿ ಸಂಕೇತದ ತಂತಿ ಕಪ್ಪು, ಡಿಮಾರ್ಜಿಯೊದಲ್ಲಿ ಅದು ಕೆಂಪು. ಜೊತೆಗೆ ಬಂದ ನಕ್ಷೆಯನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡಿ. ತೆಗೆದ ಹಳೆಯ ಪಿಕಪ್‌ನ ತಂತಿಯನ್ನು ಮೊಟಕಾಗಿ ಕತ್ತರಿಸದೆ, ಸ್ಕ್ರೂ, ಸ್ಪ್ರಿಂಗ್‌ಗಳ ಸಮೇತ ಎತ್ತಿಡಿ. ಹೊಸದು ಹಿಡಿಸದಿದ್ದರೆ ಹಿಂದಕ್ಕೆ ಹಾಕಲು ಬೇಕಾಗುತ್ತದೆ.

ನಮಸ್ಕಾರ.